ತಂತಿ ಎಳೆಯೋ ಮಗನೇ

ನ್ಯೂಜೆರ್ಸಿಯ ಕನ್ನಡದ ಮನೆಗಳಲ್ಲಿ ಗಂಡಸರ ಯೋಗ್ಯತೆ ಅಳೆಯಲು ಸಂಬಳದ ಚೀಟಿ ಬೇಕಿಲ್ಲ. ಊರಿಂದ ಅಪ್ಪ-ಅಮ್ಮ ಬಂದಾಗ ಮಹಡಿಯ ಕಂಪ್ಯೂಟರಿನಲ್ಲಿರುವ ಸಿನಿಮಾವನ್ನು ಕೆಳಗಿನ ಹಾಲಿನ ಟಿವಿಯಲ್ಲಿ ತೋರಿಸಿದರೆ ಸಾಕು. ಬ್ಯಾಂಕುಗಳ ಸರ್ವರುಗಳನ್ನು ನಿದ್ದೆಗಣ್ಣಿನಲ್ಲೇ ರಿಪೇರಿ ಮಾಡುವ ಮಹಾಶಯರು ಈ ಪರೀಕ್ಷೆಯಲ್ಲಿ ಢುಮ್ಕಿ ಹೊಡೆಯುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ನಮ್ಮ ಮನೆಯೂ ಅದಕ್ಕೆ ಹೊರತಲ್ಲ. ನಮ್ಮವರ ವಿಸಿಟಿಂಗ್ ಕಾರ್ಡಿನಲ್ಲಿ ‘ಕ್ಲೌಡ್ ಆರ್ಕಿಟೆಕ್ಟ್’ ಎಂದು ಅಚ್ಚಾಗಿದೆ.

ಈ ಪೀಡೆ ಹೊಸದೇನಲ್ಲ. ನಮಗಿಂತ ಮೊದಲು ಇಲ್ಲಿಗೆ ಬಂದವರನ್ನು ಕೇಳಿ ನೋಡಿ. ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟು ತಂದು ಇಲ್ಲಿಯ ವಿಸಿಆರಿಗೆ ಹಾಕಿದರೆ, ಗಂಡು ಹೆಣ್ಣು ಇಬ್ಬರೂ ಬಣ್ಣ ಕಳೆದುಕೊಂಡು ಪರದೆಯ ಮೇಲಿಂದ ಕೆಳಕ್ಕೆ ಉರುಳುತ್ತಿದ್ದರಂತೆ. ಊರಿನದು ಸೆಕೆಂಡಿಗೆ 25 ಚಿತ್ರಗಳ ಪಾಲ್ ಪದ್ಧತಿ, ಇಲ್ಲಿಯದು 30ರ ಹತ್ತಿರದ ಎನ್‌ಟಿಎಸ್‌ಸಿ. ಆಮೇಲೆ ಡಿವಿಡಿ ಬಂತು. ಸಿನಿಮಾದವರು ಭೂಮಂಡಲವನ್ನೇ ಪಾಲು ಮಾಡಿ ಅಮೆರಿಕಕ್ಕೆ 1, ಭಾರತಕ್ಕೆ 5 ಎಂದು ನಂಬರು ಹಾಕಿದರು. ಐದನೇ ನಂಬರಿನ ಬಿಲ್ಲೆಯನ್ನು ಒಂದನೇ ನಂಬರಿನ ಪ್ಲೇಯರು ಮೂಸಿಯೂ ನೋಡುತ್ತಿರಲಿಲ್ಲ.

ಈಗ ಹಾಗೇನಿಲ್ಲ ಎನ್ನುತ್ತಾರೆ ನಮ್ಮವರು. 2013ರಲ್ಲಿ ಗೂಗಲ್‌ನವರು 35 ಡಾಲರಿಗೆ ಕ್ರೋಮ್‌ಕಾಸ್ಟ್ ಬಿಟ್ಟರು, ಆಮೇಲೆ ಟಿವಿಗಳೇ ಜಾಣವಾದವು, ಈಗ ಕಂಪ್ಯೂಟರೂ ಟಿವಿಯೂ ತಾವಾಗಿಯೇ ಒಂದನ್ನೊಂದು ಗುರುತು ಹಿಡಿಯುತ್ತವೆ ಎಂದು ಅವರ ಭಾಷಣ. ಗುರುತು ಹಿಡಿಯಬೇಕಾದರೆ ಎರಡೂ ಒಂದೇ ನೆಟ್‌ವರ್ಕಿನಲ್ಲಿರಬೇಕು ಎಂಬ ಮಾತು ಭಾಷಣದಲ್ಲಿ ಬರುವುದಿಲ್ಲ. ನಮ್ಮಲ್ಲಿ ಕಂಪ್ಯೂಟರು ಮನೆಯವರ ವೈಫೈಯಲ್ಲಿತ್ತು, ಟಿವಿ ಅತಿಥಿಗಳ ವೈಫೈಯಲ್ಲಿತ್ತು. ಅತಿಥಿಗಳ ಕಣ್ಣಿಗೆ ಮನೆಯೊಳಗಿನದೇನೂ ಬೀಳದಂತೆ ರೂಟರೇ ಮರೆ ಕಟ್ಟಿರುತ್ತದೆ. ಅದು ಸರಿಹೋದ ಮೇಲೆ ಫೈರ್‌ವಾಲಿನ ಸರದಿ. ನಮ್ಮ ಮನೆ ‘ಸಾರ್ವಜನಿಕ’ ಸ್ಥಳವೆಂದು ಕಂಪ್ಯೂಟರಿಗೆ ಯಾರೋ ಹೇಳಿಟ್ಟಿದ್ದರು. ಅಂಥ ಸ್ಥಳದಲ್ಲಿ ಅದು ಅಕ್ಕಪಕ್ಕದವರಿಗೆ ಮುಖ ತೋರಿಸುವುದಿಲ್ಲ. ಶನಿವಾರ ನಮ್ಮಲ್ಲಿಗೆ ಊಟಕ್ಕೆ ಬರುವ ಮಂದಿಯನ್ನು ನೋಡಿದರೆ, ಅದು ಹಾಗೆ ತಿಳಿದದ್ದರಲ್ಲಿ ತಪ್ಪೇನೂ ಕಾಣದು.

ಹೋದ ಬೇಸಿಗೆಯಲ್ಲಿ ಅತ್ತೆ-ಮಾವ ಬಂದರು. ಮಾವನವರು ಕೆಇಬಿಯಲ್ಲಿ ಎಂಜಿನಿಯರಾಗಿದ್ದವರು. 1999ರಲ್ಲಿ ಅದು ಕೆಪಿಟಿಸಿಎಲ್ ಆಗಿ, ಆಮೇಲೆ ಇವರು ನಿವೃತ್ತರಾದರೂ, ಬಾಯಲ್ಲಿ ಇವತ್ತಿಗೂ ಕೆಇಬಿಯೇ. ಅತ್ತೆಗೆ ‘ಬಂಗಾರದ ಮನುಷ್ಯ’ ನೋಡುವ ಆಸೆ. ಊರಿಂದ ತಂದ ಡಿವಿಡಿಯನ್ನು ನಮ್ಮವರು ಯಾವ ಕಾಲದಲ್ಲೋ ಕಂಪ್ಯೂಟರಿಗೆ ಇಳಿಸಿಟ್ಟಿದ್ದರು. ಮೇಲಿಂದ ಅವರು “ಬಂತಾ?” ಎಂದು ಕೂಗುವುದು, ಕೆಳಗಿನಿಂದ ಅತ್ತೆ “ಬಂತು... ಇಲ್ಲ, ಹೋಯ್ತು” ಎನ್ನುವುದು, ಇದು ಒಂದು ಸಂಜೆ ಪೂರ್ತಿ ನಡೆಯಿತು. ಕೊನೆಗೂ ರಾಜ್‌ಕುಮಾರ್ ಬಂದರು. ಡಿವಿಡಿಯ 4:3ರ ಚೌಕಟ್ಟನ್ನು ಟಿವಿ ತನ್ನ 16:9ಕ್ಕೆ ಎಳೆದು ಹಾಸಿತ್ತು.

“ಅಣ್ಣಾವ್ರು ಇಷ್ಟು ದಪ್ಪ ಯಾವತ್ತೂ ಇರ್ಲಿಲ್ಲ,” ಎಂದರು ಅತ್ತೆ.

ಅದಾದರೂ ಸಹಿಸಬಹುದಿತ್ತು. ತುಟಿ ಅಲುಗುತ್ತಿತ್ತು, ಮಾತಿಲ್ಲ. ಒಂದು ಫೈಲಿನೊಳಗೆ ಚಿತ್ರ ಬೇರೆ, ಸದ್ದು ಬೇರೆ, ಎರಡನ್ನೂ ಬೇರೆ ಬೇರೆ ಬಗೆಯಲ್ಲಿ ಕುಗ್ಗಿಸಿ ತುಂಬಿರುತ್ತಾರೆ. ನಮ್ಮ ಟಿವಿಗೆ ಚಿತ್ರ ಬಿಡಿಸಲು ಬರುತ್ತಿತ್ತು, ಸದ್ದು ಬಿಡಿಸಲು ಬರುತ್ತಿರಲಿಲ್ಲ. ನಮ್ಮವರು ಇದನ್ನೆಲ್ಲ ವಿವರಿಸುವವರೆಗೂ ಮಾವನವರು ತಾಳ್ಮೆಯಿಂದ ಕೇಳಿದರು. ಆಮೇಲೆ, “1934ರಲ್ಲೇ ‘ಸತಿ ಸುಲೋಚನ’ ಮಾತಾಡಿತ್ತಲ್ಲೋ, ನಿನ್ನ ಟಿವಿಗೇನೋ ಬಂದಿದೆ ರೋಗ?” ಎಂದರು.

ಮಾರನೆಯ ದಿನ ನಮ್ಮವರು ಫೈಲಿನ ಸಹವಾಸವೇ ಬೇಡವೆಂದು ಕಂಪ್ಯೂಟರಿನ ಪರದೆಯನ್ನೇ ಇದ್ದಂತೆ ಟಿವಿಗೆ ಕಳಿಸಿದರು. ಇದ್ದಂತೆ ಎಂದರೆ ಇದ್ದಂತೆಯೇ. ಸಿನಿಮಾ ಶುರುವಾಗಿ ಎಲ್ಲರೂ ಕಾಲು ಚಾಚಿ ಕೂತಾಗ, ಮೂಲೆಯಲ್ಲೊಂದು ಚೌಕ ಮೂಡಿ, “ನೀವು ಕೊಂಡ ಗಾಲ್ಫ್ ಸೆಟ್ ಇಂದು ಸಂಜೆಯೊಳಗೆ ತಲುಪಲಿದೆ” ಎಂದು ಬೆಲೆಸಮೇತ ಸಾರಿತು. ಐವತ್ತೈದು ಇಂಚಿನ ಟಿವಿ, ಓದಲು ಯಾರಿಗೂ ಕನ್ನಡಕ ಬೇಕಾಗಲಿಲ್ಲ. ಮಾವನವರು ಅದನ್ನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ಸುಮ್ಮನಾದರು. ನಾನು ಗುಣಿಸುವ ಗೋಜಿಗೆ ಹೋಗಲಿಲ್ಲ, ನನಗೆ ಡಾಲರಿನಲ್ಲೇ ಸಿಟ್ಟು ಬಂತು.

ಇಷ್ಟರ ಮೇಲೆ ಕಂಪ್ಯೂಟರಿಗೆ ನಿದ್ದೆಯ ಕಾಟ. ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ಮಲಗಿಬಿಡುವಂತೆ ಅದಕ್ಕೆ ಅಪ್ಪಣೆಯಾಗಿತ್ತು. ಮಾವನವರೂ ಸುಮಾರು ಅದೇ ಹೊತ್ತಿಗೆ ಮಲಗುತ್ತಿದ್ದರಾದ್ದರಿಂದ ಆ ದೂರನ್ನು ಯಾರೂ ಎತ್ತಲಿಲ್ಲ.

ಬಗೆಹರಿಯದೆ ಉಳಿದದ್ದು ಇನ್ನೊಂದು. ಚೆನ್ನಾಗಿ ಓಡುತ್ತಿದ್ದ ಸಿನಿಮಾ ಇದ್ದಕ್ಕಿದ್ದಂತೆ ನಿಂತು ಚಕ್ರ ಸುತ್ತುವುದು, ಎರಡು ನಿಮಿಷಕ್ಕೆ ತಾನೇ ಸರಿಹೋಗುವುದು. ನಮ್ಮವರು ರೂಟರು ಆರಿಸಿ ಹಚ್ಚಿದರು, ಕೇಬಲ್ ಕಂಪನಿಗೆ ಫೋನು ಮಾಡಿ ಜಗಳವಾಡಿದರು. ಕೊನೆಗೆ ಅತ್ತೆ ನನ್ನನ್ನು ಕರೆದು, “ನೀನು ಸಾರು ಬಿಸಿಗಿಟ್ಟಾಗಲೆಲ್ಲ ಇದು ನಿಲ್ಲತ್ತೆ ಕಣೇ,” ಎಂದರು. ನಮ್ಮವರು ನಕ್ಕುಬಿಟ್ಟರು. ನಗಬಾರದಿತ್ತು. ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸಿನ ಆಸುಪಾಸಿನಲ್ಲಿ, ನಮ್ಮ ಟಿವಿ ಹಿಡಿದು ಕೂತಿದ್ದ ವೈಫೈ 2.4ರದ್ದು. ಒಲೆಯ ಬಾಗಿಲ ಸಂದಿಯಲ್ಲಿ ಸೋರುವ ಅಲೆಯಿಂದ ಮನುಷ್ಯರಿಗೆ ಏನೂ ಆಗದು, ಆದರೆ ವೈಫೈ ಕಂಗೆಡಲು ಅಷ್ಟು ಸಾಕು. 5 ಗಿಗಾಹರ್ಟ್ಸಿಗೆ ಹೋದರೆ ಒಲೆಯ ಉಪದ್ರವ ಇಲ್ಲ ನಿಜ, ಅದು ಮಹಡಿಯಿಂದ ನೆಲ-ಗೋಡೆಗಳನ್ನು ದಾಟಿ ಬರುವಷ್ಟರಲ್ಲಿ ಉಸಿರೇ ಉಳಿದಿರುವುದಿಲ್ಲ. ಎಂ.ಎಸ್. ಮಾಡಿದವರಿಗೆ ಹೊಳೆಯದ್ದನ್ನು ಎಸ್ಸೆಸ್ಸೆಲ್ಸಿಯ ಅತ್ತೆ ಸೋಫಾದ ಮೇಲೆ ಹೂಬತ್ತಿ ಮಾಡುತ್ತ ಕಂಡುಹಿಡಿದರು.

ಅಂದಿನಿಂದ ಮಾವನವರದು ಒಂದೇ ಜಪ. “ತಂತಿ ಎಳೆಯೋ. ಟ್ರಾನ್ಸ್‌ಫಾರ್ಮರು ಮೇಲೆ, ಲೋಡು ಕೆಳಗೆ, ಮಧ್ಯೆ ಲೈನೇ ಇಲ್ಲ ಅಂದ್ರೆ ಹೆಂಗೋ ಬರತ್ತೆ?”

“ಅಪ್ಪಾ, ಈ ಕಾಲದಲ್ಲಿ ಯಾರೂ ತಂತಿ ಎಳೆಯೋಲ್ಲ,” ಎಂದು ಇವರು.

ಅಷ್ಟರಲ್ಲಿ ಶ್ರಾವಣ ಬಂತು. ಅತ್ತೆಯ ತಮ್ಮನ ಮಗಳಿಗೆ ಇವರು ಇಲ್ಲಿಗೆ ಬಂದ ಮೇಲೆ ಗಂಡು ನಿಶ್ಚಯವಾಗಿ, ಶಿವಮೊಗ್ಗದ ಛತ್ರದಲ್ಲಿ ಮದುವೆ. ಮುಹೂರ್ತ ಅಲ್ಲಿ ಬೆಳಗ್ಗೆ 10ಕ್ಕೆ, ನಮಗೆ ನಡುರಾತ್ರಿ 12.30. ಸೋದರತ್ತೆಯಿಲ್ಲದ ಮದುವೆ ಎಂದು ಮುನಿಸಿನಲ್ಲಿದ್ದ ಅತ್ತೆಗೆ ಲೈವ್ ತೋರಿಸುತ್ತೇನೆಂದು ಮಗ ಮಾತು ಕೊಟ್ಟಿದ್ದರು. ಮಾವನವರಿಗೆ ಆ ಮಾತಿನ ಮೇಲೆ ನಂಬಿಕೆಯಿರಲಿಲ್ಲ. “ಬಾಮ್ಮಾ, ನಿನ್ನ ಕಾರು ತೆಗಿ,” ಎಂದರು. ಅಂಗಡಿಯ ಹುಡುಗ ಎಚ್‌ಡಿಎಂಐ ಬೇಡವೆಂದ. ಮಾಮೂಲಿ ಎಚ್‌ಡಿಎಂಐ ತಂತಿ ಹತ್ತು ಮೀಟರು ದಾಟಿದರೆ ನೆಚ್ಚುವ ಹಾಗಿಲ್ಲ, ಈಥರ್ನೆಟ್ಟಾದರೆ 100 ಮೀಟರಿನವರೆಗೆ ಯೋಚನೆಯಿಲ್ಲ. ಮಾವನವರು ಪಂಚೆ ಎತ್ತಿ ಕಟ್ಟಿ, ರೂಟರಿನಿಂದ ಮೆಟ್ಟಿಲ ಅಂಚಿಗುಂಟ ಕ್ಲಿಪ್ಪು ಬಡಿಯುತ್ತ ಇಳಿದು, ಸಂಜೆಯ ಕಾಫಿಯ ಹೊತ್ತಿಗೆ ಟಿವಿಯ ಬೆನ್ನಿಗೆ ತಂತಿ ಸಿಕ್ಕಿಸಿದರು. “ಲೈನ್ ಚಾರ್ಜ್ ಆಯ್ತು,” ಎಂದು ಘೋಷಿಸಿದರು.

ರಾತ್ರಿ ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಆದರೆ ಲೈವ್ ಎಂಬುದೂ ಪೂರಾ ಲೈವ್ ಅಲ್ಲ. ಛತ್ರದ ಕ್ಯಾಮೆರಾದಿಂದ ಸರ್ವರಿಗೆ ಹೋಗಿ, ತುಂಡು ತುಂಡಾಗಿ ನಮ್ಮಲ್ಲಿಗೆ ಬರುವಾಗ ಅರ್ಧ ನಿಮಿಷ ಹಿಂದೆ ಬೀಳುವುದು ಮಾಮೂಲು. ವಾಟ್ಸ್‌ಆ್ಯಪ್ ಕಾಲಿಗೆ ಅಷ್ಟು ತಡವಿಲ್ಲ. ಟಿವಿಯಲ್ಲಿ ಇನ್ನೂ ಅಂತರಪಟ ಹಿಡಿದಿದ್ದಾರೆ, ಫೋನಿನಲ್ಲಿ ತಮ್ಮನ ಹೆಂಡತಿ “ತಾಳಿ ಕಟ್ಟಾಯ್ತು ಅಕ್ಕಾ!” ಎಂದು ಕೂಗುತ್ತಿದ್ದಾರೆ. ಅತ್ತೆ ಗಡಿಬಿಡಿಯಲ್ಲಿ ಫೋನಿಗೇ ಅಕ್ಷತೆ ಹಾಕಿದರು. ಆಮೇಲೆ ಟಿವಿಯಲ್ಲೂ ಗಟ್ಟಿಮೇಳ ಮೊಳಗಲು ಅಲ್ಲಿಗೂ ಒಂದು ಹಿಡಿ ಎರಚಿದರು. ಮದುವೆಯ ಹೆಣ್ಣಿಗೆ ಎರಡು ಸಲ ಆಶೀರ್ವಾದವಾಯಿತು. ಕಾರ್ಪೆಟ್ಟಿನೊಳಗೆ ಸೇರಿದ ಅಕ್ಕಿಯನ್ನು ಆರಿಸುವ ಭಾಗ್ಯ ನನ್ನದಾಯಿತು.

ಊರಿಂದ ಹಿರಿಯರು ಬರುವವರಿದ್ದರೆ ಅವರ ಟಿಕೆಟ್ಟಿನ ಜೊತೆಗೇ ಒಂದು ಈಥರ್ನೆಟ್ ತಂತಿಯನ್ನೂ ಕೊಂಡಿಡಿ, ಗಾಲ್ಫ್ ಸೆಟ್ಟಿಗಿಂತ ಬಹಳ ಅಗ್ಗ. ಗೋಡೆಗೆ ಹೊಂದುವ ಬಣ್ಣವನ್ನು ನೀವೇ ಮೊದಲು ಆರಿಸಿಕೊಳ್ಳಿ. ನಮ್ಮ ಮನೆಯದು ಹಳದಿ. ಲೈನು ದೂರಕ್ಕೆ ಕಾಣಬೇಕು ಎಂಬುದು ಮಾವನವರ ಕೆಇಬಿ ಕಾಲದ ನಿಯಮ.