ಪಶ್ಚಿಮ ಬೆಂಗಳೂರಿನ ಕಾಗದ ವಿಮಾನಶಾಸ್ತ್ರ: ಒಂದು ತಾರಸಿ ಭಾಷ್ಯ

ವಿಷಯ ಪ್ರವೇಶ: ಬೆಂಗಳೂರಿನ ವಿಮಾನ ಚರಿತ್ರೆ ಬರೆದವರೆಲ್ಲ ಮೂಡಣಕ್ಕೆ ಮುಖಮಾಡಿ ಕೂತೇ ಬರೆದರು. 1940ರಲ್ಲಿ ಎಚ್‌ಎಎಲ್ ಹುಟ್ಟಿದ್ದು ಆ ಕಡೆ. 1961ರಲ್ಲಿ ಮಾರುತ್, 2001ರಲ್ಲಿ ತೇಜಸ್ ಮೊದಲು ಹಾರಿದ್ದೂ ಆ ಕಡೆಯೇ. ಏರ್ ಶೋ ಯಲಹಂಕದ ಪಾಲಾಯಿತು. 2008ರಲ್ಲಿ ವಿಮಾನ ನಿಲ್ದಾಣ ಗಂಟುಮೂಟೆ ಕಟ್ಟಿದಾಗಲಾದರೂ ನಮ್ಮತ್ತ ತಿರುಗೀತೇ ಎಂದು ಕಾದರೆ, ಸೀದಾ ದೇವನಹಳ್ಳಿಗೆ ಹೋಯಿತು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಿಗೆ ಉಳಿದದ್ದು ಮೂವತ್ತು-ನಲವತ್ತು ಸೈಟಿನ ತಾರಸಿ, ಒಂದು ಸಿಂಟೆಕ್ಸ್ ಟ್ಯಾಂಕು, ನೋಟ್‌ಬುಕ್ಕಿನ ಹಾಳೆ. ಈ ಅನ್ಯಾಯದಿಂದ ಹುಟ್ಟಿದ ಶಾಸ್ತ್ರವೇ ಪ್ರಸ್ತುತ ಪ್ರಬಂಧದ ವಿಷಯ.

ನಾಮ ನಿರ್ಣಯ: ಹಿರಿಯರು ಇದನ್ನು ‘ಏರೋಪ್ಲೇನು’ ಎನ್ನುತ್ತಾರೆ, ಹುಡುಗರು ‘ರಾಕೆಟ್’ ಎನ್ನುತ್ತಾರೆ. ರಾಕೆಟ್ಟಿಗೆ ಬೆಂಕಿ ಬೇಕು, ಇದಕ್ಕೆಲ್ಲಿದೆ ಎಂಬುದು ಪೂರ್ವಪಕ್ಷ. ಬೋರ್ಡಿನ ಕಡೆ ತಿರುಗಿದ್ದ ಮೇಷ್ಟರ ಬೆನ್ನಿಗೆ ತಾಗಿದೊಡನೆ ಅದು ಅವರ ಕಣ್ಣಲ್ಲಿ ಕಾಣಿಸುತ್ತದೆ ಎಂಬುದು ಸಿದ್ಧಾಂತ.

ದ್ರವ್ಯ ವಿಚಾರ: 80 ಜಿಎಸ್‌ಎಂನ ಎ4 ಹಾಳೆಯ ತೂಕ 5 ಗ್ರಾಂ. ಆದರೆ ಅದು ಜೆರಾಕ್ಸ್ ಅಂಗಡಿಯ ಸಂಪ್ರದಾಯ. ನಮ್ಮದು ನೋಟ್‌ಬುಕ್ ಸಂಪ್ರದಾಯ. ಪಿನ್ನೆತ್ತಿ ನಡುಹಾಳೆ ತೆಗೆದರೆ ಕುರುಹು ಉಳಿಯದು. ಅವಸರಕ್ಕೆ ಮೊದಲ ಹಾಳೆ ಕಿತ್ತರೆ, ಅದರ ಜೋಡಿಹಾಳೆ ಕೊನೆಯಲ್ಲಿ ಸಡಿಲಾಗಿ, ಅಮ್ಮನ ಮುಂದೆಯೇ ಉದುರಿ ಸಾಕ್ಷಿ ಹೇಳುತ್ತದೆ.

ಕ್ರಿಯಾಪಾದ: ಹಾಳೆಯನ್ನು ಉದ್ದಕ್ಕೆ ಮಡಚಿ ಬಿಚ್ಚು. ಮೇಲಿನೆರಡು ಮೂಲೆಗಳನ್ನು ನಡುಗೆರೆಗೆ ತಾ, ಮತ್ತೊಮ್ಮೆ ತಾ. ಉಗುರಿನಿಂದ ತೀಡು. ಬೆನ್ನು ಮಡಚಿ ರೆಕ್ಕೆ ಇಳಿಸು. ಮಡಿಕೆಗಳೆಲ್ಲ ಮೂತಿಯಲ್ಲಿ ಸೇರುವುದು ಚೆಂದಕ್ಕಲ್ಲ. ಭಾರ ಮುಂದಿದ್ದರೇ ವಿಮಾನ ನೆಟ್ಟಗೆ ಹೋಗುವುದು. ಹಿಂದೆ ಭಾರವಾದರೆ ಮೂತಿಯೆತ್ತಿ, ಗಾಳಿಯ ಹಿಡಿತ ತಪ್ಪಿ, ತಲೆಸುತ್ತು ಬಂದವರಂತೆ ಕುಸಿಯುತ್ತದೆ. ಮೂತಿ ನೆಲಕ್ಕೇ ಕುಕ್ಕಿದರೆ ರೆಕ್ಕೆಯ ಹಿಂದಿನ ಅಂಚನ್ನು ಎಳ್ಳಷ್ಟು ಮೇಲಕ್ಕೆ ಬಗ್ಗಿಸು. ಕೊನೆಗೆ ಮೂತಿಗೆ ‘ಹಾ’ ಎಂದು ಊದುವ ಪ್ರಾಣಪ್ರತಿಷ್ಠೆ. ಇದರಿಂದೇನು ಪ್ರಯೋಜನ ಎಂದು ಕೇಳುವವನು ಎಂದೂ ವಿಮಾನ ಬಿಟ್ಟವನಲ್ಲ.

ಪರಂಪರಾ ವಿಮರ್ಶೆ: ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಪರಿಶೀಲಿಸಿ, ಅದರ ವಿಮಾನಗಳು ಹಾರಲಾರವು ಎಂದು ತೀರ್ಮಾನಿಸಿದರು. ಅಲ್ಲಿ ವಿಮಾನ ಕಾಗದದ ಮೇಲಿತ್ತು. ನಮ್ಮಲ್ಲಿ ಕಾಗದವೇ ವಿಮಾನ. ನಮ್ಮದು ಹಾರುತ್ತದೆ. ಇಳಿಯುವುದೇ ಕಷ್ಟ.

ಅಪಘಾತ ತನಿಖೆ: ಪ್ರಬಂಧಕಾರನ ಬಾಲ್ಯದಲ್ಲೊಂದು ಬೇಸಿಗೆ. ಪಕ್ಕದ ತಾರಸಿಯಲ್ಲಿ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟಿದ್ದರು. ವಿಮಾನ ಎರಡು ಸಾಲು ಹಸಿ ಸಂಡಿಗೆಯ ಮೇಲೆ ಜಾರಿ, ಮೂರನೆಯದಕ್ಕೆ ಅಂಟಿಕೊಂಡು ನಿಂತಿತು. ಕಾವಲಿಗಿದ್ದ ಆ ಮನೆಯ ಅಜ್ಜಿ ಕೋಲು ಕೆಳಗಿಟ್ಟು ಬ್ಲ್ಯಾಕ್ ಬಾಕ್ಸ್ ಬಿಚ್ಚಿದರು. ಒಳಗೆ ಲೆಕ್ಕದ ಟೆಸ್ಟು, 25ಕ್ಕೆ 7, ಕೆಂಪು ಶಾಯಿಯಲ್ಲಿ ‘ಪೋಷಕರ ಸಹಿ’. “ಸಹಿಗೆ ಇಷ್ಟು ದೂರ ಕಳಿಸ್ಬೇಕಿತ್ತೇನೋ? ನಿಮ್ಮಮ್ಮ ಇಲ್ಲೇ ಇದಾಳಲ್ಲೋ!” ಎಂದು ಕಾಂಪೌಂಡ್ ಗೋಡೆಯ ಮೇಲಿಂದಲೇ ದಾಟಿಸಿದರು. ಸಂಡಿಗೆಯ ಗುರುತು ಸಮೇತ ಸಹಿ ಬಿತ್ತು. ಮಿಕ್ಕದ್ದೂ ಬಿತ್ತು.

ಉಪಸಂಹಾರ: 2022ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಎಸೆದ ಕಾಗದದ ವಿಮಾನವೊಂದು 88 ಮೀಟರ್ ದಾಟಿ ವಿಶ್ವದಾಖಲೆ ಮಾಡಿತು. ನಮ್ಮಲ್ಲಿ 40 ಅಡಿ ದಾಟಿದ್ದೆಲ್ಲ ಪಕ್ಕದ ಮನೆಯವರದು. ಆದರೂ ಆಷಾಢದ ಗಾಳಿ ಪಡುವಣದಿಂದ ಬೀಸುವುದನ್ನು ವಿದ್ವಾಂಸರು ಗಮನಿಸಬೇಕು. ವಿಜಯನಗರದ ತಾರಸಿಯಿಂದ ಎತ್ತ ಗುರಿಯಿಟ್ಟು ಬಿಟ್ಟರೂ ವಿಮಾನ ಮೂಡಣಕ್ಕೇ ಹೊರಳುತ್ತದೆ. ಆ ದಿಕ್ಕಿನಲ್ಲಿ ಸುಮಾರು 15 ಕಿಲೋಮೀಟರಿಗೆ ಎಚ್‌ಎಎಲ್. ಈವರೆಗಿನ ಅತಿ ದೂರದ ಯಾನ ಎದುರುಮನೆಯ ಸಜ್ಜಾದ ಮೇಲೆ ತಂಗಿದೆ. ಮುಂದಿನ ಪ್ರಯಾಣಕ್ಕೆ ಉದ್ದನೆಯ ಕೋಲು ಹುಡುಕಲಾಗುತ್ತಿದೆ.