ಕೌದಿ ಎಷ್ಟಕ್ಕ?

ಕೌದಿ ಮಾರುವವಳು ತವರೂರಿನ ಜಾತ್ರೆಯಲ್ಲಿ ಅಂಗಡಿ ಹಾಕಬಾರದು. ಇದು ಗೊತ್ತಿದ್ದೂ ಪ್ರತಿ ಜನವರಿ ನಾನು ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಗಂಟು ಕಟ್ಟುತ್ತೇನೆ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹತ್ತಿ, ಗಂಟಿಗೆ ಅರ್ಧ ಟಿಕೇಟೋ ಪೂರಾ ಟಿಕೇಟೋ ಎಂದು ವಾದಿಸಿ, ಗಂಟಿನ ಮೇಲೆ ನಾನೇ ಕೂತು ಹೋಗುತ್ತೇನೆ. ಬಸವಕಲ್ಯಾಣಕ್ಕೆ ನಾನು ಸೊಸೆ, ಹುಮನಾಬಾದಿಗೆ ಮಗಳು. ಸೊಸೆಯ ಜೊತೆ ಜನ ಚೌಕಾಸಿ ಮಾಡುತ್ತಾರೆ. ಮಗಳ ಜೊತೆ ಅದೂ ಇಲ್ಲ. ಎತ್ತಿ ಬಗಲಲ್ಲಿ ಇಟ್ಟುಕೊಂಡು, "ನಿಮ್ಮಪ್ಪಗ ಹೇಳ್ತೀನಿ ಬಿಡವ್ವಾ" ಅಂತ ನಡೆದುಬಿಡುತ್ತಾರೆ. ಅಪ್ಪನಿಗೆ ಏನು ಹೇಳುತ್ತಾರೋ, ಅಪ್ಪ ಇಂದಿಗೂ ಬಾಯಿ ಬಿಟ್ಟಿಲ್ಲ.

ವ್ಯಾಪಾರ ಶುರುವಾದ ಕತೆಯನ್ನು ಎಳೆಯುವುದಿಲ್ಲ. ಅತ್ತೆಯ ಟ್ರಂಕಿನ ತುಂಬ ಹಳೆಯ ಇಳಕಲ್ ಸೀರೆಗಳಿದ್ದವು, ಓಣಿಯಲ್ಲಿ ಮಧ್ಯಾಹ್ನ ಕೈ ಖಾಲಿ ಇರುವ ಹೆಂಗಸರಿದ್ದರು, ನನ್ನ ತಲೆಯೂ ಖಾಲಿ ಇತ್ತು. ದೊಡ್ಡ ಕೌದಿ, ಕೂಸಿನ ಕೌದಿ, ಕುಲಾಯಿ, ಮೊಬೈಲ್ ಇಡುವ ಚೀಲ ಎಲ್ಲ ಹೊಲಿಸಿದೆ. ಲೆಕ್ಕದ ಪುಸ್ತಕದಲ್ಲಿ ಮೊದಲ ಪುಟ ಬಹಳ ಚೆಂದ ಇದೆ. ಉಳಿದ ಪುಟಗಳನ್ನು ನನ್ನ ಗಂಡ ನೋಡಿಲ್ಲ, ನೋಡುವುದೂ ಬೇಡ.

ನಮ್ಮ ಹೊಲಿಗೆಗೆ ಯಜಮಾನಿ ಓಣಿಯ ಆಯಿ. ಎಲ್ಲಕ್ಕಿಂತ ಕೆಳಗೆ ಹಳೇ ಧೋತರ ಹಾಸಿ, ಅಂಗೈಯಿಂದ ಸುಕ್ಕು ತೀಡಿ, ಮೂಲೆಗಳಿಗೆ ಕಲ್ಲಿಟ್ಟು, ಅದರ ಮೇಲೆ ಪದರ ಪದರ ಸೀರೆ ಹರಡುತ್ತಾಳೆ. ದಾರವನ್ನು ತೊಡೆಯ ಮೇಲೆ ಹೊಸೆದು ಅಂಚಿನಿಂದ ಟಾಕಿ ಹಾಕುತ್ತ ಸುತ್ತು ಸುತ್ತಾಗಿ ಒಳಗೆ ಬರುತ್ತಾಳೆ. ಯಾರಾದರೂ ನೈಲಾನ್ ಸೀರೆ ತಂದುಕೊಟ್ಟರೆ ಎರಡು ಬೆರಳಲ್ಲಿ ಹಿಡಿದು ಬಾಗಿಲಾಚೆ ಎಸೆಯುತ್ತಾಳೆ. "ಸೂಜಿ ಜಾರ್ತದ, ಬೆವರು ಕುಡಿಯಂಗಿಲ್ಲ. ಇದು ಅರಿವಿ ಏನ?" ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ಚೂರು ಜೋಳದ ರೊಟ್ಟಿ ಇಡುತ್ತಾಳೆ. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಬರುವುದಿಲ್ಲವಂತೆ. ಇದರಿಂದ ನಮ್ಮ ಸ್ಟಾಕಿಗೆ ಇಲಿಗಳ ಅಭಿಮಾನ ಜಾಸ್ತಿ. ಆದರೆ ರೊಟ್ಟಿಯ ಪ್ರಭಾವವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಜಾತ್ರೆಯ ಮಧ್ಯಾಹ್ನ. ಜನ ಉಂಡು ನೆರಳು ಹುಡುಕುವ ಹೊತ್ತು. ಅಪ್ಪನ ಜೊತೆ ಸಾಲಿ ಕಲಿತ ಕಾಕಾ ಒಬ್ಬರು ಬಂದರು. ಧೋತರ, ಬಿಳಿ ಟೋಪಿ, ಕೈಯಲ್ಲಿ ಬತ್ತಾಸಿನ ಪೊಟ್ಟಣ. ದೊಡ್ಡ ಕೌದಿ ಕೇಳಿದರು. ಅಂಚು ತಿಕ್ಕಿದರು, ತಿರುವಿ ಹಾಕಿದರು, ಒಂದು ಗೇಣಿನಲ್ಲಿ ಎಷ್ಟು ಟಾಕಿ ಎಂದು ಎಣಿಸಿದರು. ಆಮೇಲೆ, "ಹೊಚ್ಕೊಳ್ಳೋದು ಇರ್ಲಿ, ಹಾಸಿದ್ರ ಹೆಂಗಿರ್ತದ?" ಅಂದರು. "ನೀವ ನೋಡ್ರಿ ಕಾಕಾ" ಅಂದೆ. ಮಾತಿಗೆ ಅಂದದ್ದು. ಕಾಕಾ ಚಪ್ಪಲಿ ಕಳಚಿ, ಟೋಪಿ ತೆಗೆದು ಬತ್ತಾಸಿನ ಮೇಲೆ ಮುಚ್ಚಿ, ಅಂಗಡಿಯೊಳಗೆ ಬಂದು ಕೌದಿ ತಾವೇ ಹಾಸಿ ಎಡಮಗ್ಗುಲಾಗಿ ಮಲಗಿದರು. "ಹಾಂ" ಅಂದರು. ಬಲಕ್ಕೆ ಹೊರಳಿದರು. ಮತ್ತೊಂದು "ಹಾಂ", ಇದು ಸ್ವಲ್ಪ ಉದ್ದದ್ದು. ಮೂರನೆಯ "ಹಾಂ" ಬರಲಿಲ್ಲ. ಅದರ ಬದಲು ಗೊರಕೆ ಬಂತು.

ಬೇರೆ ಗಿರಾಕಿಯಾಗಿದ್ದರೆ ಭುಜ ಅಲುಗಾಡಿಸಬಹುದಿತ್ತು. ಇವರು ನನ್ನ ಮದುವೆಯ ಪಂಕ್ತಿಯಲ್ಲಿ ತುಪ್ಪ ಬಡಿಸಿದವರು. ಕೆಮ್ಮಿದೆ. ಇಲ್ಲದ ಗಿರಾಕಿಗೆ ಜೋರಾಗಿ ರೇಟು ಹೇಳಿದೆ. ಊಟದ ಡಬ್ಬಿ ಕೈ ಜಾರಿದಂತೆ ಬೀಳಿಸಿದೆ. ಕಾಕಾ ಕಣ್ಣು ತೆರೆಯದೆ ಕೈ ಚಾಚಿ, ಪಕ್ಕದಲ್ಲಿದ್ದ ಕೂಸಿನ ಕೌದಿ ಎಳೆದು ಮುಖದ ಮೇಲೆ ಹಾಕಿಕೊಂಡರು.

ಮುಖ ಮುಚ್ಚಿದ ಮನುಷ್ಯನ ಸುತ್ತ ಜಾತ್ರೆಯಲ್ಲಿ ಜನ ಸೇರದೆ ಇರುತ್ತಾರೆಯೆ? ಒಬ್ಬಳು ಬಾಟಲಿ ನೀರು ಹಿಡಿದು ಓಡಿ ಬಂದಳು. ಒಬ್ಬಾತ "ಕುಡದಾನೇನು?" ಅಂದ. "ಇಲ್ರಿ, ಕೌದಿ ನೋಡ್ಲಿಕತ್ಯಾರ" ಅಂದೆ. "ಕಣ್ಣು ಮುಚ್ಚಿ?" ಅಂದ. ಹಿಂದಿನಿಂದ ಒಬ್ಬ ಮುದುಕ ಗಂಭೀರವಾಗಿ, "ತಾಸಿಗೆ ಎಷ್ಟು?" ಎಂದು ವಿಚಾರಿಸಿದ. ಅವನಿಗೆ ಉತ್ತರಿಸುವಷ್ಟರಲ್ಲಿ ಉಮರ್ಗಾ ಕಡೆಯ ಹೆಂಗಸೊಬ್ಬಳು ಬಗ್ಗಿ, ಕಾಕಾನ ಕೆಳಗಿನ ಅಂಚು ಮುಟ್ಟಿ, "ಕೇವಢ್ಯಾಲಾ?" ಅಂದಳು. ಅದೇ ಅಳತೆಯ, ಅದೇ ಸೆರಗಿನ ಬೇರೆ ಕೌದಿ ತೋರಿಸಿದೆ. ಊಂ ಹೂಂ. ಗೊರಕೆ ಬರುವ ಕೌದಿಯೇ ಬೇಕು. ಅವಳ ಗಂಡನಿಗೆ ರಾತ್ರಿ ನಿದ್ದೆ ಇಲ್ಲವಂತೆ. ಇನ್ನೊಬ್ಬ, "ನಾ ಮೊದಲು ನೋಡೀನಿ" ಎಂದು ನೂರು ರೂಪಾಯಿ ಏರಿಸಿದ. ಆಕೆ ಮತ್ತೆ ಐವತ್ತು ಏರಿಸಿದಳು. ನಾನು ಹೇಳಿದ ದರಕ್ಕಿಂತ ಮೇಲೆ ಹೋದ ಏಕಮಾತ್ರ ಕೌದಿ ಅದು, ಅದರ ಮೇಲೆ ಕಾಕಾ ಇದ್ದಾರೆ! ಚಹಾ ತರಲು ಹೋಗಿದ್ದ ನನ್ನ ಗಂಡ ಬಂದು, ಜನ ನೋಡಿ, ಕಾಕಾನನ್ನು ನೋಡಿ, ಕಿವಿಯಲ್ಲಿ ಅಂದ: "ದಿನಗೂಲಿ ಕೊಡೂಣು, ನಾಳಿಗೂ ಬರ್ಲಿ."

ಅಷ್ಟರಲ್ಲಿ ಗುಡಿಯ ಕಡೆ ಹಲಗೆ ಬಡಿಯಿತು. ಕಾಕಾ ಎದ್ದು ಕೂತರು. ಗದ್ದಲ ನಿಂತಿತು. ಟೋಪಿ ಹಾಕಿಕೊಂಡು, ಒಂದು ಬತ್ತಾಸು ಬಾಯಿಗಿಟ್ಟು, ಅದು ಕರಗುವವರೆಗೆ ಎಲ್ಲರನ್ನೂ ಕಾಯಿಸಿ, ತೀರ್ಪು ಕೊಟ್ಟರು: "ಚಲೋ ಅದ. ಆದ್ರ ಕಾಲು ಹೊರಗ ಬರ್ತಾವ." ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಚಿಕ್ಕಂದಿನಲ್ಲಿ ನಮಗೆ ಹೇಳಿಕೊಟ್ಟವರು ಇವರೇ. ಹಿರಿಯರ ಮಾತು ಕೇಳಿ ಜನ ಚದುರಿದರು, ಉಮರ್ಗಾದ ಹೆಂಗಸೂ ಹೋದಳು. ಕಾಕಾ ನನ್ನ ಕೈಗೆ ನಾಲ್ಕು ಬತ್ತಾಸು ಹಾಕಿ, "ನಮ್ಮವ್ವ ಹೊಲೀತಿದ್ಳಲ್ಲ, ಅದಕ್ಕೇನು ರೊಕ್ಕ ಕೊಡ್ತಿದ್ದಿವಿ?" ಅಂದು ಚಪ್ಪಲಿ ಮೆಟ್ಟಿದರು.

ಕಾಕಾನ ನಿದ್ದೆಯನ್ನು ಮನ್ನಿಸಿದ್ದೇನೆ, ಆ ಮಾತನ್ನಲ್ಲ. ಯಾವ ಜಾತ್ರೆಗೆ ಹೋದರೂ ಅದು ನನ್ನ ಮುಂದೆ ಬಂದು ನಿಲ್ಲುತ್ತದೆ. ನಮ್ಮ ಕಲ್ಯಾಣ, ಆರನೇ ವಿಕ್ರಮಾದಿತ್ಯನ ಕಾಲಕ್ಕೆ ವಿಜ್ಞಾನೇಶ್ವರ ಮಿತಾಕ್ಷರಾ ಬರೆದ ಊರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಅದು ಹೇಳುತ್ತದೆ. ನಮ್ಮ ಗಿರಾಕಿಗಳು ಅದನ್ನು ಓದಿರಲಿಕ್ಕಿಲ್ಲ, ಆದರೆ ಅವ್ವನ ಕೌದಿಯ ಮೇಲಿನ ಹಕ್ಕನ್ನು ಮಾತ್ರ ನನ್ನ ಅಂಗಡಿಯಲ್ಲಿ ಚಲಾಯಿಸುತ್ತಾರೆ. ಕಬ್ಬಿಗೆ ದರ ಇದೆ, ತೊಗರಿಗೆ ದರ ಇದೆ. ಅವ್ವ ಬೇಸಗೆಯೆಲ್ಲ ಸೊಂಟ ಬಗ್ಗಿಸಿ ಹಾಕಿದ ಟಾಕಿಗೆ ಯಾರೂ ಒಂದು ಕಾಸು ಕೊಟ್ಟದ್ದಿಲ್ಲ, ಹಾಗಾಗಿ ಅದಕ್ಕೊಂದು ದರವೇ ಹುಟ್ಟಲಿಲ್ಲ. ಈಗ ನಾನು ಬಾಯಿಗೆ ಬಂದ ಅಂಕಿ ಹೇಳಿದರೆ ಸುಲಿಗೆ ಅನ್ನಿಸುತ್ತದೆ, ಅವರಿಗೂ, ಒಂದೊಂದು ಸಲ ನನಗೂ.

ಬೀದರಿನಲ್ಲಿ ಒಮ್ಮೆ ಪಕ್ಕದಲ್ಲೇ ಬಿದ್ರಿ ಕಲೆಯ ಮಳಿಗೆ. ಸತು, ತಾಮ್ರ, ಬೆಳ್ಳಿ, ಕೋಟೆಯ ಮಣ್ಣು. 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬೇರೆ. ಅಲ್ಲಿ ಜನ ದನಿ ತಗ್ಗಿಸಿ ಮಾತಾಡಿ, ಹೇಳಿದಷ್ಟು ಕೊಟ್ಟು, ನನ್ನಲ್ಲಿಗೆ ಬಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಇನ್ನು ಕೆಲವರು, "ಇಂಥ ಕಲೆ ಉಳೀಬೇಕ್ರೀ" ಎಂದು ಕೌದಿ ಹೆಗಲಿಗೆ ಹೊದ್ದು ಫೋಟೋ ತೆಗೆಸಿಕೊಂಡು, ಮಡಚದೆ ಬಿಸಾಕಿ ಹೋಗುತ್ತಾರೆ. ಉಳಿಸುವವರ ಹಿಂದೆ ಮಡಚುವವಳೊಬ್ಬಳು ಬೇಕಲ್ಲ, ನಾನಿದ್ದೇನೆ.

ಸರಕಾರದ ಬಾಗಿಲನ್ನೂ ತಟ್ಟಿ ನೋಡಿದೆ. 2023ರಲ್ಲಿ ಶುರುವಾದ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳು. ಪಟ್ಟಿ ಓದುತ್ತಿದ್ದರೆ ನಮ್ಮೂರಿನ ಅನುಭವ ಮಂಟಪದ ಹಾಜರಿ ಪುಸ್ತಕ ಓದಿದ ಹಾಗಾಯಿತು: ಬುಟ್ಟಿಗೆ ಮೇದಾರ ಕೇತಯ್ಯ, ಚಪ್ಪಲಿಗೆ ಹರಳಯ್ಯ, ಬಟ್ಟೆ ಒಗೆಯಲು ಮಡಿವಾಳ ಮಾಚಯ್ಯ, ದೋಣಿಗೆ ಅಂಬಿಗರ ಚೌಡಯ್ಯ. ಕೌದಿಯವಳು ಅಲ್ಲೂ ಇಲ್ಲ. ಅರ್ಜಿ ಹಾಕಿಕೊಡುವ ಹುಡುಗ ಯೋಚಿಸಿ, "ಆಯಿನ ಟೇಲರ್ ಅಂತ ಬರೀತೀನಿ, ಹದಿನೈದು ಸಾವಿರದ ಸಾಮಾನು ಸಿಗ್ತದ, ಮಷಿನ್ ತಗೋರಿ" ಅಂದ. ಆಯಿಗೆ ಹೇಳಿದೆ. "ಮಷಿನ್ ಕೌದಿ ಮ್ಯಾಲ ಕೂಡ್ತದ, ನಾ ಎಲ್ಲಿ ಕೂಡ್ಲಿ?" ಅಂದಳು.

ಆ ಶರಣರ ಪೈಕಿ ನನಗೆ ಹತ್ತಿರದವನು ನುಲಿಯ ಚಂದಯ್ಯ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವವನು. ಅವನ ಹೆಸರಿನ ಗವಿ ನಮ್ಮೂರಲ್ಲಿದೆ. ಬೆನ್ನು ಬಿಡದ ಲಿಂಗಯ್ಯನನ್ನೇ, ಅಂದರೆ ತನ್ನ ಇಷ್ಟಲಿಂಗವನ್ನೇ, ಚಂದಯ್ಯ ಹಗ್ಗ ಮಾರಲು ಕಳಿಸಿದನಂತೆ. ಬಸವಣ್ಣ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಹೊನ್ನು ಕೊಟ್ಟನಂತೆ. ಹೆಚ್ಚಿನದು ನನಗೆ ಬೇಡ ಎಂದು ಚಂದಯ್ಯ ಸಿಟ್ಟಾದನಂತೆ. ಈ ಕತೆಯಲ್ಲಿ ನನ್ನ ಕಣ್ಣು ಬಿದ್ದದ್ದು ಒಂದರ ಮೇಲೆ ಮಾತ್ರ: ತಾನು ಮಾರದೆ ಬೇರೆಯವರನ್ನು ಕೂರಿಸಿದ್ದು.

ಡಿಸೆಂಬರಿನ ದತ್ತ ಜಯಂತಿಗೆ ಮಾಣಿಕನಗರಕ್ಕೆ ಆಯಿಯನ್ನೇ ಕರೆದೊಯ್ದೆ. ಮಾಣಿಕಪ್ರಭುಗಳ ಸನ್ನಿಧಿಗೆ ಮರಾಠಿಯವರು, ತೆಲುಗರು, ದಖ್ಖನಿ ಆಡುವವರು ಎಲ್ಲರೂ ಬರುತ್ತಾರೆ. ಆಯಿ ಮೂರೂ ಭಾಷೆಗೆ ಕನ್ನಡದಲ್ಲೇ ಉತ್ತರ ಕೊಟ್ಟಳು. ಎಣ್ಣೆಗೈಯವರಿಗೆ ಮುಟ್ಟಗೊಡಲಿಲ್ಲ. ಸಂಜೆ ಹೈದರಾಬಾದಿನಲ್ಲಿ ಕೆಲಸ ಮಾಡುವ, ನಮ್ಮ ಕಡೆಯದೇ ಹುಡುಗ ಬಂದ. ಕೌದಿ ಬಿಡಿಸಿ, ರೇಟು ಕೇಳಿ, ನಕ್ಕ. "ನಮ್ಮಾಯಿ ಇದಕ್ಕಿಂತ ಮಸ್ತ್ ಹೊಲೀತಿದ್ಳು, ಪುಕಟ್."

ಆಯಿ ಚಷ್ಮಾ ಮೇಲೆತ್ತಿದಳು. "ಅದಾಳೇನು?"

"ಯಾರು?"

"ನಿಮ್ಮಾಯಿ."

"ಇಲ್ಲ. ತೀರ್ಕೊಂಡ್ಳು."

"ಆಕಿ ಹೊಲಿದದ್ದು?"

ಹುಡುಗ ತಡವರಿಸಿದ. "ಒಂದಿತ್ತು. ಹೊಲದಾಗ ಮೋಟರ್ ಮ್ಯಾಲ ಹೊಚ್ಚಿದ್ರು."

"ಮತ್ತ? ರೊಕ್ಕ ತೆಗಿ."

ಹುಡುಗ ಒಂದು ಮಾತಾಡದೆ ಪೂರಾ ಎಣಿಸಿ ಕೊಟ್ಟ. ಆಯಿ ಕೌದಿಯನ್ನು ಮಡಚಿ ಕೊಡುತ್ತ, "ಮೋಟರ್ ಮ್ಯಾಲ ಹೊಚ್ಚೋದಿದ್ರ ಇನ್ನೂರು ಹೆಚ್ಚು" ಅಂದಳು. ಅವನು "ಇಲ್ಲ ಆಯಿ, ನನಗ" ಅಂದು ಇನ್ನೂರನ್ನೂ ಇಟ್ಟು ಹೋದ. ಚಂದಯ್ಯನ ಹೆಸರೆತ್ತಿ, ಅದನ್ನು ವಾಪಸು ಮಾಡಲು ಕೈ ಚಾಚಿದೆ. ನೋಟುಗಳು ಆಗಲೇ ಎಲೆಯಡಿಕೆಯ ಚಂಚಿ ಸೇರಿದ್ದವು. ಚಂಚಿಯ ದಾರ ಜಗ್ಗಿ ಬಿಗಿಯುತ್ತ ಆಯಿ ಅಂದಳು: "ಚಂದಯ್ಯಗ ಮೊಮ್ಮಗಳ ಕಾಲೇಜ್ ಫೀ ಇದ್ದಿದ್ದಿಲ್ಲ."