ಫೈಲ್ವಾನ

ನಮ್ಮ ಭಾಲ್ಕಿ ಸೀಮೆಯಲ್ಲಿ ಕುಸ್ತಿ ಹಿಡಿಯುವವನು ಪೈಲ್ವಾನ. ಜಾತ್ರೆಯ ದಿನ ಮೈಗೆ ಮಣ್ಣು ಬಳಿದುಕೊಂಡು ಕಣಕ್ಕಿಳಿಯುತ್ತಾನೆ. ನಮ್ಮೂರು ಮೆಹಕರದಲ್ಲಿ ಇನ್ನೊಬ್ಬನಿದ್ದಾನೆ, ಫೈಲ್ವಾನ. ಇವನೂ ಮಣ್ಣು ಬಳಿದುಕೊಂಡೇ ಕಣಕ್ಕಿಳಿಯುವವನು, ಆದರೆ ಇವನಿಗೆ ಬಳಿಯುವುದು ಮಳೆ. ವರ್ಷವೆಲ್ಲ ಬಗಲಲ್ಲಿ ಫೈಲು ಇರುವುದರಿಂದ ಬಂದ ಹೆಸರು. ನಮ್ಮೂರಿನವರ ಬಾಯಲ್ಲಿ ಪ, ಫ ಎರಡೂ ಒಂದೇ. ಹೀಗಾಗಿ ಹೊಸ ಬೀಗರು ಯಾರಾದರೂ ಬಂದರೆ ಅವನ ತೋಳು ಮುಟ್ಟಿ ನೋಡಿ, ಏನೂ ಅನ್ನದೆ ಚಹಾ ಕುಡಿಯುತ್ತಾರೆ.

ಎಂ.ಎ., ಬಿ.ಎಡ್. ವಯಸ್ಸು ಫೈಲಿನಲ್ಲಿದೆ, ಮುಖದ ಮೇಲೆ ಹುಡುಕಬಾರದು. ಅಗ್ಗ ಬೀಳುತ್ತದೆಂದು ಒಂದು ಸಲ 64 ಪಾಸ್‌ಪೋರ್ಟ್ ಫೋಟೋ ತೆಗೆಸಿಟ್ಟಿದ್ದಾನೆ. ಆಗ ತಲೆ ತುಂಬ ಕೂದಲಿತ್ತು. ಕೂದಲು ಮುಗಿದವು, ಫೋಟೋ ಇನ್ನೂ 11 ಉಳಿದಿವೆ.

ಇಂಟರ್ವ್ಯೂ ಮಳೆಗಾಲದಲ್ಲೇ ಯಾಕೆ ಬರುತ್ತವೆ ಎಂದು ನೀವು ಕೇಳಬಹುದು. ಮೃಗಶಿರಾ ಮಳೆ ಹನಿಯುವುದೂ ಶಾಲೆಯ ಗಂಟೆ ಬಾರಿಸುವುದೂ ಒಂದೇ ತಿಂಗಳು. ಅತಿಥಿ ಶಿಕ್ಷಕ, ಅತಿಥಿ ಉಪನ್ಯಾಸಕ ಎಂಬ ಬೆಳೆಯನ್ನು ಬಿತ್ತುವುದು ಆಗಲೇ. ಜನ ಉದ್ದು, ಹೆಸರು, ಸೋಯಾ ಬಿತ್ತುವಾಗ ಇವನು ಅರ್ಜಿ ಬಿತ್ತುತ್ತಾನೆ. ಒಂದು ವರ್ಷ ಫಸಲು ಬಂದಿತ್ತು. ಊರಿಗೆಲ್ಲ ಪೇಡೆ ಹಂಚಿದ. ಅತಿಥಿ ಎಂದ ಮೇಲೆ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಮಾರ್ಚಿಗೆ ಕಳಿಸಿಕೊಟ್ಟರು.

ಹೋದ ಆರಿದ್ರಾ ಮಳೆಯಲ್ಲಿ ನಾನು ಕಣ್ಣು ತೋರಿಸಲು ಬೀದರಿಗೆ ಹೊರಟಿದ್ದೆ, ಅವನು ಇಂಟರ್ವ್ಯೂಗೆ. ಅವನ ಮನೆಯ ಕಟ್ಟೆಯ ಮೇಲೆ ಕೂತು ಫೈಲು ಕಟ್ಟುವ ಶಾಸ್ತ್ರವನ್ನು ಕಣ್ಣಾರೆ ಕಂಡೆ. ಮೊದಲು ಹತ್ತನೇ ತರಗತಿಯ ಅಂಕಪಟ್ಟಿ, ಅದರ ಮೇಲೆ ಪಿಯುಸಿ, ಡಿಗ್ರಿ, ಬಿ.ಎಡ್., ಜಾತಿ, ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮ. ಎಲ್ಲಕ್ಕೂ ಮೇಲೆ, ದೇವರ ಜಗಲಿಯ ಮೇಲಿಂದ ತೆಗೆದು, ಹಣೆಗೆ ಒತ್ತಿಕೊಂಡು ಇಟ್ಟದ್ದು 371(ಜೆ) ಪತ್ರ. ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ, 2013ರಲ್ಲಿ ನಮ್ಮ ಭಾಗದವರಿಗೆ ಮೀಸಲಾತಿ ಜಾರಿಗೆ ಬಂತಲ್ಲ, ಅದರ ಅರ್ಹತಾ ಪತ್ರ. ಅದು ತೋಯ್ದರೆ ಸಂವಿಧಾನವೇ ತೋಯ್ದಂತೆ ಎಂಬುದು ಅವನ ನಂಬಿಕೆ. ಇದೆಲ್ಲ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ, ಆ ಚೀಲ ಯೂರಿಯಾ ಚೀಲದೊಳಗೆ, ಮೇಲೆ ಸುತಲಿ, ಮೂರು ಗಂಟು. ಅವರವ್ವ ಬಾಗಿಲಲ್ಲಿ ನಿಂತು, "ಛತ್ರಿ ತೊಗೊಂಡು ಹೋಗೋ" ಅಂದಳು. "ಎರಡೂ ಕೈ ಫೈಲಿಗೇ ಬೇಕವ್ವಾ, ಛತ್ರಿ ಯಾರ್ ಹಿಡೀಬೇಕು?" ಅಂದ.

ನಮ್ಮದು ಎರೆ ಭೂಮಿ. ನಾಲ್ಕು ಹನಿ ಬಿದ್ದರೆ ಚಪ್ಪಲಿ ಕಾಲಿಗಿಂತ ದೊಡ್ಡದಾಗುತ್ತದೆ. ಪ್ಯಾಂಟು ಮೊಣಕಾಲಿಗೇರಿಸಿ, ಬೂಟು ಕೊರಳಿಗೆ ಹಾಕಿಕೊಂಡು, ಫೈಲನ್ನು ಎದೆಗವಚಿಕೊಂಡು ಅವನು ನಡೆದ. ಟಂಟಂ ಹಿಡಿದು ಭಾಲ್ಕಿ. ಬಸ್ ನಿಲ್ದಾಣದ ನಲ್ಲಿಯಲ್ಲಿ ಕಾಲು ತೊಳೆದು ಬೂಟು ಹಾಕಿಕೊಂಡ. ಬೀದರ ಬಸ್ಸಿನ ಮಾಡು ಸೋರುತ್ತಿತ್ತು. ಯೂರಿಯಾ ಚೀಲವನ್ನೂ ನಂಬದೆ ಫೈಲನ್ನು ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿಕೊಂಡ.

ಪಕ್ಕದಲ್ಲಿದ್ದ ಮುದುಕಿ ಬಹಳ ಹೊತ್ತು ನೋಡಿ, "ಏನಪ್ಪಾ, ಒಳಗ ಕೂಸದ ಏನು?" ಎಂದಳು.

"ಇಲ್ಲಮ್ಮಾ, ಸರ್ಟಿಫಿಕೇಟು."

"ಎಷ್ಟು ವರ್ಷದವು?"

"ದೊಡ್ಡದಕ್ಕ ಹತ್ತೊಂಬತ್ತು."

"ಹಂಗಾದ್ರ ಇನ್ನ ದುಡಿಯಾಕ ಹಚ್ಚು," ಎಂದು ಮುದುಕಿ ಎಲೆಗೆ ಸುಣ್ಣ ಸವರಿದಳು.

ಬೀದರ ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಕೋಟೆಯ ಮೂರು ಸುತ್ತಿನ ಕಂದಕ ಕಡಿದದ್ದೂ ಅದೇ ಕೆಂಪು ಕಲ್ಲಿನಲ್ಲಿ. ಅಲ್ಲಿ ಇಳಿದ ಕೂಡಲೇ ಒಂದು ಜೀಪು ಇವನ ಪ್ಯಾಂಟಿಗೆ ಕೆಂಪು ರಾಡಿ ಹಾರಿಸಿ ಹೋಯಿತು. ಕೆಳಗೆ ಭಾಲ್ಕಿಯ ಕರಿ ಮಣ್ಣು, ಮೇಲೆ ಬೀದರಿನ ಕೆಂಪು ಮಣ್ಣು. ಜಿಲ್ಲೆಯ ನಕಾಶೆಯಂತೆ ಇಂಟರ್ವ್ಯೂಗೆ ಒಳಗೆ ಹೋದ.

ಒಳಗಿನದನ್ನು ನಾನು ನೋಡಲಿಲ್ಲ. ಮರಳುವಾಗ ಬಸ್ಸಿನಲ್ಲಿ ಅವನೇ ಹೇಳಿದ್ದನ್ನು ಹೇಳುತ್ತಿದ್ದೇನೆ. ಮಹಮೂದ್ ಗವಾನನ ಮದರಸಾ 1472, ಬಿದರಿ ಪಾತ್ರೆಗೆ ಸತುವು ಎಷ್ಟು, ತಾಮ್ರ ಎಷ್ಟು, ಕಪ್ಪು ಬರಲು ಕೋಟೆಯ ಮಣ್ಣು ಯಾಕೆ, ಎಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದ. ಕುರ್ಚಿಯ ತುದಿಗೆ ಕೂತ. ಮೂವರಲ್ಲಿ ಕನ್ನಡಕದವರು ಅರ್ಜಿ ನೋಡಿ ಕೇಳಿದರಂತೆ:

"ಮೆಹಕರ? ಅದು ಮಹಾರಾಷ್ಟ್ರದಾಗ ಬರ್ತದಲ್ಲರೀ, ಬುಲ್ಡಾಣಾ ಜಿಲ್ಲಾ."

"ಅದು ಬ್ಯಾರೆ ಸಾರ್. ನಮ್ಮದು ಭಾಲ್ಕಿ ತಾಲೂಕ. ನಮ್ಮೂರಾಗ ಪೊಲೀಸ್ ಠಾಣಾ ಸುದ್ದಾ ಅದ."

ಠಾಣೆಯ ಹೆಸರು ಕೇಳಿ ಅವರು ಸ್ವಲ್ಪ ಹಿಂದೆ ಸರಿದು ಕೂತರು. ಇವನು ಸುತಲಿ ಬಿಚ್ಚತೊಡಗಿದ. ತೋಯ್ದ ಗಂಟು ಸುಲಭಕ್ಕೆ ಬಿಚ್ಚೀತೇ? ಹಲ್ಲು ಹಚ್ಚಿದ. ಆ ಹೊತ್ತು ಕಳೆಯಲು ಇನ್ನೊಬ್ಬರು, "ಮಳಿ ಹೆಂಗದರೀ ನಿಮ್ಮ ಕಡಿ?" ಎಂದರು. ಫೈಲ್ವಾನ ಅರಳಿದ. ಎರೆ ಹೊಲದ ಹಸಿ ಎಷ್ಟು ಇಳಿದಿದೆ, ಯಾವ ಹಳ್ಳ ಬಂದಿದೆ, ಮಹಾರಾಷ್ಟ್ರದವರು ಧನೇಗಾಂವ ಡ್ಯಾಮಿನಿಂದ ನೀರು ಬಿಟ್ಟರೆ ಮಾಂಜ್ರಾ ದಂಡೆಯ ಹೊಲಗಳ ಗತಿ ಏನು, ಒಂದೂ ತಡವರಿಸದೆ ಹೇಳಿದ. ಅಷ್ಟು ವರ್ಷದ ಇಂಟರ್ವ್ಯೂಗಳಲ್ಲಿ ಅವನು ಪೂರ್ತಿ ಸರಿಯಾಗಿ ಕೊಟ್ಟ ಉತ್ತರ ಅದೊಂದೇ.

ಕೊನೆಗೆ ಗಂಟು ಬಿಚ್ಚಿತು. ಕಾಗದಗಳು ಹಪ್ಪಳದಂತೆ ಒಣಗಿದ್ದವು. ಮೇಜಿನ ಮೇಲೆ ಹರಡಿದ.

"ಒರಿಜಿನಲ್ ನಮಗ್ಯಾಕ್ರೀ? ಜೆರಾಕ್ಸ್ ಕೊಡ್ರಿ."

ಜೆರಾಕ್ಸು ಪ್ಯಾಂಟಿನ ಹಿಂದಿನ ಕಿಸೆಯಲ್ಲಿತ್ತು. ಅದನ್ನು ಯಾರು ಕಾಯುತ್ತಾರೆ? ತೆಗೆದರೆ ಜೋಳದ ಮುದ್ದೆ. ಅರ್ಧ ಗಂಟೆ ಸಮಯ ಕೊಟ್ಟರು. ಓಡಿದ. ಬೀದರಿನಲ್ಲಿ ಜೆರಾಕ್ಸ್ ಅಂಗಡಿಗೇನು ಬರ? ಮೊದಲನೆಯದರಲ್ಲಿ ಕರೆಂಟಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯವನು ಮೇಣದ ಬತ್ತಿ ಹಚ್ಚಿಕೊಂಡು ಕೂತಿದ್ದ. "ಮಳ್ಯಾಗ ಕರೆಂಟ್ ಎಲ್ಲಿರ್ತದ ಅಣ್ಣಾ, ಕೂಡು, ಬಂದ್ರ ಬರ್ತದ" ಎಂದ. ಕರೆಂಟು ಬಂತು, ನಾಲ್ಕೂವರೆಗೆ. ಇಂಟರ್ವ್ಯೂದವರು ಎದ್ದದ್ದು ನಾಲ್ಕಕ್ಕೆ.

ಇಷ್ಟು ಹೇಳಿ ಅವನು ಅಳುತ್ತಾನೆಂದು ನಾನು ಕರ್ಚೀಫು ತೆಗೆದೆ. ಅವನು ಅದನ್ನು ಇಸಿದುಕೊಂಡು ಫೈಲಿನ ಮೇಲೆ ಬಿದ್ದ ಎರಡು ಹನಿ ಒರೆಸಿದ. "ಕಾಕಾ, ಪುಷ್ಯ ಮಳ್ಯಾಗ ಔರಾದದಾಗ ಇನ್ನೊಂದು ಅದ. ಈ ಸಲ ಜೆರಾಕ್ಸಿಗೂ ಒಂದು ಚೀಲ ಮಾಡ್ತೀನಿ" ಎಂದ. ಭಾಲ್ಕಿಯಲ್ಲಿ ಇಳಿದು ಮೊದಲು ಮಾಡಿದ ಕೆಲಸ, ಹತ್ತು ಸೆಟ್ ಜೆರಾಕ್ಸ್. ನಮ್ಮ ಊರಿನ ಕೊನೆಯ ಟಂಟಂ ಅಷ್ಟರಲ್ಲಿ ಹೋಗಿತ್ತು.

ಮಳೆಗಾಲದಲ್ಲಿ ನೀವು ಭಾಲ್ಕಿ ಬಸ್ ನಿಲ್ದಾಣದ ಕಡೆ ಬಂದರೆ, ಯೂರಿಯಾ ಚೀಲ ಎದೆಗವಚಿಕೊಂಡು ನಲ್ಲಿಯ ಕೆಳಗೆ ಕಾಲು ತೊಳೆಯುವವನು ಒಬ್ಬ ಸಿಗುತ್ತಾನೆ. ನಿಮ್ಮ ಹತ್ತಿರ ಛತ್ರಿ ಇದ್ದರೆ ದಯಮಾಡಿ ಚೀಲದ ಮೇಲೆ ಹಿಡಿಯಿರಿ. ಅವನ ಮೇಲೆ ಹಿಡಿದರೆ ಸಿಟ್ಟಾಗುತ್ತಾನೆ.